ಹೀರಾಬಾಯಿಯ ಅಂಗಡಿಗೆ ಬಂದ ಅಕ್ಷರಗಳು

ಹೀರಾಬಾಯಿ ಕಾರವಾರದವಳು, ಮದುವೆಯಾಗಿ ಅಂಕೋಲೆಗೆ ಬಂದವಳು. ತಾಲೂಕು ಕಚೇರಿಯ ಎದುರು ಅವಳದೊಂದು ಟೈಪಿಂಗ್ ಅಂಗಡಿ. ಕಂಪ್ಯೂಟರ್ ತಂದ ವರ್ಷ ಹಳೆಯ ಟೈಪ್‌ರೈಟರನ್ನು ಮೂಲೆಗೆ ಸರಿಸಿ, ಮಲಗಿದ ಮಗುವಿಗೆ ಹೊದಿಸುವಂತೆ ಬಟ್ಟೆ ಹೊದಿಸಿಟ್ಟಳು.

ಅಂಗಡಿಗೆ ಒಂದೇ ಇಮೇಲ್ ವಿಳಾಸ. ಗಲ್ಫಿಗೆ, ಹಡಗಿಗೆ ಹೋದವರೆಲ್ಲ ಅದಕ್ಕೇ ಬರೆಯುತ್ತಿದ್ದರು. ಮೇಲೆ ಊರು, ಹೆಂಗಸಿನ ಹೆಸರು. ಸಂಬಂಧಪಟ್ಟವರು ಬಂದಾಗ ಹೀರಾಬಾಯಿ ಬಾಗಿಲ ಪರದೆ ಎಳೆದು ಓದಿ ಹೇಳುವಳು. ಮುದ್ದಿರಲಿ, ಬೈಗುಳವಿರಲಿ, ಒಂದೇ ದನಿ. ಅದಕ್ಕೇ ಹೆಂಗಸರು ಅವಳನ್ನು ನಂಬಿದ್ದರು.

ಹಾರವಾಡದ ಹೊನ್ನಮ್ಮ ಪೇಟೆಯಲ್ಲಿ ಸೊಪ್ಪು ಮಾರಿ, ಖಾಲಿ ಬುಟ್ಟಿ ಹೊತ್ತು ಬರುವವಳು. ಗಂಡ ಪುಟ್ಟು ಮಸ್ಕತ್ತಿನ ಕಡೆ ಹೂಳೆತ್ತುವ ಹಡಗಿನಲ್ಲಿದ್ದ. ಯಾರಿಂದಲೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಬರೆಸಿ ಕಳಿಸುತ್ತಿದ್ದ. ಮಳೆಗಾಲದ ಮೊದಲು ಹೊನ್ನಮ್ಮ ನಾಚುತ್ತ ಉತ್ತರ ಹೇಳಿ ಬರೆಸಿದ್ದಳು: "ನಾ ಸಂಜೆ ಶಾಲೆಗೆ ಹೋಗಿ ಓದೂಕೆ ಕಲ್ತೆ ಅಂತ ಬರೀರಿ ಬಾಯಿ."

ಅದಾದ ಮೇಲೆ ಪುಟ್ಟುವಿನ ಮೇಲ್ ಬರಲಿಲ್ಲ. ಗಣೇಶ ಚೌತಿ ಹೋಯಿತು, ದೀಪಾವಳಿಯೂ ಹೋಯಿತು.

"ಬಂತೆ ಬಾಯಿ?"

"ಇಲ್ಲ ಮಾರಾಯ್ತಿ. ಹಡಗು ಬದಲಾಗಿರಬೇಕು."

"ಹಡಗೋ, ಮನಸೋ," ಎಂದು ಹೊನ್ನಮ್ಮ ಬುಟ್ಟಿ ಎತ್ತಿದಳು. "ಓದೂಕೆ ಕಲ್ತೆ ಅಂದದ್ದೇ ತಪ್ಪಾಯ್ತೊ ಏನೊ. ತವರಿಂದ ನಮ್ಮ ಜಟ್ಟಣ್ಣ ಕರ್ಕೊಂಡು ಹೋಗೂಕೆ ಬರ್ತಾ. ಬರೂ ಸಂತೆಗೆ ಕಡೇ ಸಲ ಬಂದು ಹೇಳಿ ಹೋಗ್ತೆ."

ತವರಿಗೆ ಹೋದರೆ ಗಂಡನ ಮನೆಯ ಬಾಗಿಲು ಮುಚ್ಚಿದಂತೆಯೇ ಎಂದು ಇಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ಪುಟ್ಟುವಿನ ಹೆಸರಿಗೆ ಆಗಲೇ ಬೇರೊಬ್ಬಳ ಹೆಸರು ಜೋಡಿಸಿ ಆಡಿಕೊಳ್ಳುತ್ತಿದ್ದರು.

ಆ ವಾರ ಕಾರವಾರದಿಂದ ಅಕ್ಕನ ಮಗಳು ದೀಕ್ಷಾ ಕಾಲೇಜಿನ ಆಮಂತ್ರಣವೊಂದನ್ನು ಅಚ್ಚು ತೆಗೆಯಲು ಮೇಲ್ ಮಾಡಿದಳು. ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ಪರದೇಶಿ ಅಕ್ಷರಗಳ ರಾಶಿ. ಹೀರಾಬಾಯಿ ಫೋನ್ ಮಾಡಿದಳು.

"ನಿನ್ನ ಮೇಲಿಗೆ ವೈರಸ್ ಹೊಕ್ಕಿದೆ. ಅಳಿಸಿಬಿಡ್ತೆ."

"ಅಯ್ಯೋ ಮಾವಶಿ, ಅಳಿಸಬೇಡ. ಒಳಗೆ ಕನ್ನಡವೇ ಇದೆ. ಇದು ಯಾವ ಲಿಪಿ ಅಂತ ಮೇಲ್ ತಾನೇ ತನ್ನ ತಲೆಬರಹದಲ್ಲಿ ಹೇಳಬೇಕು. ಹೇಳದಿದ್ದರೆ ನಿನ್ನ ಕಂಪ್ಯೂಟರ್ ಇಂಗ್ಲಿಷ್ ಅಂದುಕೊಳ್ತದೆ. ವ್ಯೂ ಒತ್ತು, ಎನ್‌ಕೋಡಿಂಗ್ ಒತ್ತು, ಯೂನಿಕೋಡ್ ಆರಿಸು."

ಒತ್ತಿದಳು. ಪರದೆ ಒಮ್ಮೆ ಮಿಟುಕಿತು. ಗೀಟುಗಳೆಲ್ಲ ಕರಗಿ, ಇಬ್ಬನಿ ಸರಿದ ಮೇಲೆ ಕಾಣುವ ಗದ್ದೆಯ ಹಾಗೆ, ದುಂಡು ದುಂಡಾಗಿ ಕನ್ನಡ ನಿಂತಿತು.

"ಬಂತಾ ಮಾವಶಿ?"

"ಬಂತು," ಎಂದು ಹೀರಾಬಾಯಿ ಫೋನ್ ಇಟ್ಟಳು. ಈ ಗೀಟಿನ ಅಕ್ಷರಗಳನ್ನು ಅವಳು ಮೊದಲೂ ನೋಡಿದ್ದಳು. ಗುರುತಿಲ್ಲದ ವಿಳಾಸದಿಂದ ವಿಚಿತ್ರ ಅಕ್ಷರ ಬಂದರೆ ತೆರೆಯದೆ ಅಳಿಸಬೇಕೆಂದು ಕಂಪ್ಯೂಟರ್ ರಿಪೇರಿಯವ ಹೇಳಿದ್ದ. ಬೆಳಿಗ್ಗೆ ಅಂಗಡಿ ಗುಡಿಸುವಾಗಲೇ ಅವನ್ನೂ ಗುಡಿಸುವುದು ಅವಳ ರೂಢಿ. ಅಳಿಸಿದ್ದು ಕಂಪ್ಯೂಟರಿನೊಳಗೇ ಇನ್ನೊಂದು ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಅದನ್ನು ಖಾಲಿ ಮಾಡುವುದನ್ನು ಅವಳು ಕಲಿತಿರಲಿಲ್ಲ.

ಆ ಕಪಾಟು ತೆಗೆದು ಒಂದು ಮೇಲಿಗೆ ಯೂನಿಕೋಡ್ ಒತ್ತಿದಳು. "ಹಾರವಾಡ, ಹೊನ್ನಮ್ಮ" ಎಂದಿತು. ಮುಂದೆ ಓದದೆ ಮುಚ್ಚಿದಳು.

ಸಂತೆಯ ದಿನ ಹೊನ್ನಮ್ಮ ಬಂದಾಗ ಹೀರಾಬಾಯಿ ಬಾಗಿಲ ಪರದೆ ಎಳೆದಳು.

"ಪುಟ್ಟು ಬರೆಯೂದು ಬಿಟ್ಟಿರಲಿಲ್ಲ. ನಾನೇ ಕಸ ಅಂತ ಬಿಸಾಡಿದ್ದೆ."

ಹೊನ್ನಮ್ಮ ಬುಟ್ಟಿ ಇಳಿಸಲಿಲ್ಲ. "ಎಲ್ಲಾನೂ?"

"ಎಲ್ಲಾನೂ. ಈಗ ಹುಡುಕಿ ತೆಗೆದೆ. ಬೈಯೂದಾದ್ರೆ ಬೈದುಬಿಡು."

"ಬೈತೆ ಬಿಡಿ, ಎಲ್ಲಿಗೆ ಹೋಗ್ತ್ರಿ ನೀವು. ಮೊದ್ಲು ಏನು ಬರದಾ ಹೇಳಿ."

ಹೀರಾಬಾಯಿ ತನ್ನ ಕುರ್ಚಿ ಬಿಟ್ಟು ಎದ್ದಳು. ಆ ಕುರ್ಚಿಯಲ್ಲಿ ಅದುವರೆಗೆ ಬೇರೆ ಯಾರೂ ಕೂತಿರಲಿಲ್ಲ. ಹೊನ್ನಮ್ಮ ತುದಿಯಲ್ಲಿ ಕೂತು, ಸೊಪ್ಪಿನ ಹಸಿರು ಹತ್ತಿದ ಬೆರಳನ್ನು ಕಂಪ್ಯೂಟರಿನ ಗಾಜಿನ ಮೇಲಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು.

"ನೀನು... ಓದಲು... ಕಲಿತೆ... ಎಂದು... ತಿಳಿಯಿತು. ಹೊಸ ಹಡಗಿನಲ್ಲಿ... ಹೊನ್ನಾವರದವ... ಒಬ್ಬ... ಕನ್ನಡ... ಬರೆದು... ಕೊಡುತ್ತಾನೆ. ಇನ್ನು... ನೀನೇ... ಓದು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಗೆ ಬಸ್ಸುಗಳು ಬಂದವು, ಹೋದವು. ಹಾರವಾಡದ ಬಸ್ಸೂ ಹೋಯಿತು. ಮುಂದಿನದನ್ನು ತೆರೆಯಲು ಹೀರಾಬಾಯಿ ಪಕ್ಕದಲ್ಲಿ ನಿಂತು ಮೌಸ್ ಒತ್ತಿಕೊಟ್ಟಳೇ ಹೊರತು ಒಂದು ಪದವನ್ನೂ ಎತ್ತಿಕೊಡಲಿಲ್ಲ.

ಅದೇ ವಿಳಾಸದಿಂದ ಬಂದ ಕೊನೆಯ ಮೇಲ್ ಮಾತ್ರ ಬರಿಯ ಪ್ರಶ್ನೆಚಿಹ್ನೆಗಳು. ಏನು ಒತ್ತಿದರೂ ಬದಲಾಗಲಿಲ್ಲ.

"ಇದು ದಾರಿಯಲ್ಲೇ ಕೆಟ್ಟಿದೆ. ಇನ್ನು ಬರೂದಿಲ್ಲ," ಎಂದಳು ಹೀರಾಬಾಯಿ.

ಹೊನ್ನಮ್ಮ ಆ ಸಾಲುಗಳನ್ನು ತುಸು ಹೊತ್ತು ನೋಡಿದಳು.

"ಇರಲಿ. ಇದನ್ನ ಅಂವ ಬಂದಾಗ ಬಾಯಲ್ಲೇ ಕೇಳ್ತೆ," ಎಂದು ಎದ್ದು ಬುಟ್ಟಿ ಎತ್ತಿಕೊಂಡಳು. "ಜಟ್ಟಣ್ಣ ಮನೆಯಲ್ಲಿ ಕಾಯ್ತಾ ಇರ್ತಾ. ಊಟ ಹಾಕಿ ಕಳಿಸಬೇಕು ಅವ್ನ."