ಮೂರು ವಾರ, ಏಳು ತೋಟ, ಸೊನ್ನೆ ದೂರು

ಹೋದ ವಾರ ಶುಕ್ರವಾರ ಸಂಸೆ ತೋಟದಿಂದ ಬಂದ ಟಪ್ಪಾಲು ಚೀಲದಲ್ಲಿ ನನ್ನ ಹೆಸರಿಗೆ ಒಂದು ಚೀಟಿ ಇತ್ತು. ‘ಪ್ರಿಂಟರ್ ಸತ್ತು ಮೂರು ವಾರ ಆಯ್ತು. ನೀನು ಬದುಕಿದ್ದೀಯಾ?’

ಬರೆದವರು ಆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಸುಬ್ಬಣ್ಣನವರು. ನಾನು ಚಿಕ್ಕಮಗಳೂರಿನ ಹೆಡ್ಡಾಫೀಸಿನಲ್ಲಿ ಕೂತು ನಮ್ಮ ಏಳು ಕಾಫಿ ತೋಟಗಳ ಕಂಪ್ಯೂಟರ್ ಕಾಯುವವಳು. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಏನು ಕೆಟ್ಟರೂ ರೈಟರ್‌ಗಳು ಅದರ ‘ದೂರು’ ಬಟನ್ ಒತ್ತಬೇಕು. (ಫೋನ್ ಮಾಡಬೇಡಿ ಎಂದು ಕಟ್ಟಪ್ಪಣೆ ಮಾಡಿದವಳೂ ನಾನೇ.)

ಡೈರಿ ತೆಗೆದೆ. ಆಫೀಸಿನಲ್ಲಿ ಕುಡಿದ ಕಾಫಿಯನ್ನೂ ಬರೆದಿಡುವವಳು ನಾನು. ಮೂರು ವಾರ, ಏಳು ತೋಟ, ದೂರು ಸೊನ್ನೆ! ಅದನ್ನು ಯಜಮಾನರಿಗೆ ತೋರಿಸಿ ಬೀಗಿಯೂ ಆಗಿತ್ತು.

ಈ ಸಾಫ್ಟ್‌ವೇರ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ ವಾರವಾರವೂ ಹೊಸ ಅಪ್‌ಡೇಟ್. ಇನ್ನೊಂದರಲ್ಲಿ ವರ್ಷಗಟ್ಟಲೆ ಅದೇ ರೂಪ, ನಡುನಡುವೆ ಸುರಕ್ಷತೆಯ ರಿಪೇರಿ ಮಾತ್ರ. ಪ್ರಯೋಗಕ್ಕೆಂದು ಮೊದಲನೆಯದನ್ನು ಹಾಕಿಸಿದ್ದೆ. ನನ್ನ ಸೊನ್ನೆಯನ್ನು ನಂಬಿ ಯಜಮಾನರು ಸೋಮವಾರ ಅದಕ್ಕೇ ಮೂರು ವರ್ಷಕ್ಕೆ ಸಹಿ ಹಾಕುವವರಿದ್ದರು.

ಸುಬ್ಬಣ್ಣನವರಿಗೆ ಫೋನ್ ಮಾಡಿದೆ. ‘ರೈಟ್ರೇ, ಬಟನ್ ಒತ್ತೋದಲ್ವಾ?’

‘ಎಲ್ಲಿದೆ ಮಾರಾಯ್ತಿ ಅದು? ಮೊದ್ಲು ಬಲಗಡೆ ಇತ್ತು. ಆಮೇಲೆ ಎಡಗಡೆ ಹೋಯ್ತು. ಈಗ ಕಾಣೋದೇ ಇಲ್ಲ. ಬಟನ್ ಸಿಗ್ತಿಲ್ಲ ಅಂತ ದೂರು ಕೊಡೋಕೂ ಅದೇ ಬಟನ್ ಬೇಕಲ್ಲ!’

‘ಹಾಗಾದ್ರೆ ಹೊಸದು ಬೇಡ್ವಾ?’

‘ಬೇಡ ಅಂದ್ನಾ? ಕಾಫಿ ಹೂವಾದಾಗ ತೋಟದೊಳಗೆ ಆಳು ಬಿಡ್ತೀವಾ ನಾವು? ಹೂ ಬಾಡೋ ತನಕ ಸುಮ್ನಿರ್ತೀವಿ. ನಿನ್ನ ಸಾಫ್ಟ್‌ವೇರು ನೋಡಿದ್ರೆ ಪ್ರತಿ ಮಂಗಳವಾರ ಕತ್ತಿ ಹಿಡ್ಕೊಂಡು ನುಗ್ಗುತ್ತೆ.’

ಉಳಿದ ಆರು ತೋಟಗಳಿಗೂ ಫೋನ್ ಹಚ್ಚಿದೆ. ಕಳಸದವರು ಬಟನ್ ಇದ್ದ ಜಾಗಕ್ಕೆ, ಪರದೆಯ ಮೇಲೆಯೇ, ಕುಂಕುಮದ ಬೊಟ್ಟಿಟ್ಟಿದ್ದರಂತೆ. ಬಟನ್ ಸರಿದಿತ್ತು, ಬೊಟ್ಟು ಉಳಿದಿತ್ತು. ಮೂಡಿಗೆರೆಯವರು ಕಂಪ್ಯೂಟರಿಗೆ ಟವೆಲ್ ಹೊದಿಸಿ ನೋಟ್‌ಬುಕ್ಕಿಗೆ ಮರಳಿದ್ದರು.

ಸೋಮವಾರ ಯಜಮಾನರ ಮುಂದೆ ನನ್ನ ಸೊನ್ನೆಯನ್ನು ನಾನೇ ಹೊಡೆದುಹಾಕಿದೆ. (ಆ ದಿನ ಕಾಫಿ: ಐದು.) ರೂಪ ಬದಲಿಸದ ಎರಡನೇ ಬಗೆಯ ಸಾಫ್ಟ್‌ವೇರಿಗೇ ಸಹಿ ಬಿತ್ತು. ಬಟನ್ ಬಲಗಡೆಗೆ ಮರಳಿತು.

ಮಂಗಳವಾರ ಒಂದೇ ದಿನ ಹತ್ತೊಂಬತ್ತು ದೂರು ಬಂದವು. ಯಜಮಾನರು ಕನ್ನಡಕ ಏರಿಸಿ ನೋಡಿದರು. ‘ಏನಮ್ಮಾ, ಇದು ಹಾಕಿದ್ಮೇಲೆ ಜಾಸ್ತಿ ಕೆಡ್ತಿದ್ಯಲ್ಲಾ?’

ನಿಮ್ಮ ಮನೆಯಲ್ಲಿ ಯಾರದೂ ಏನೂ ದೂರಿಲ್ಲವೇ? ಬಟನ್ ಎಲ್ಲಿಟ್ಟಿದ್ದೀರಿ?