ರದ್ದಿ ಅಂಗಡಿಯ ಸಣ್ಣ ಸಾಹುಕಾರ

ಹತ್ತಿ ಗಿರಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನನಗೆ ವಾರಕ್ಕೊಂದೇ ರಜೆ, ಭಾನುವಾರ. ಉಳಿದ ಗುಮಾಸ್ತರು ಆ ದಿನ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು. ನಾನು ಸೈಕಲ್ ಹತ್ತಿ ರದ್ದಿ ಅಂಗಡಿಗೆ ಹೋಗುತ್ತಿದ್ದೆ. ಮಕ್ಕಳ ಹಳೆಯ ಚಿತ್ರಕಥೆ ಪುಸ್ತಕಗಳನ್ನು ಹುಡುಕಿ ತರುವುದು ನನ್ನ ಚಟ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಮೂವತ್ತೆರಡು ವರ್ಷದ ಗಂಡಸು ರಾಜಕುಮಾರ, ರಾಕ್ಷಸ, ಮಾತಾಡುವ ಗಿಳಿಗಳಿಗಾಗಿ ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಮರ್ಯಾದೆಯ ಕೆಲಸವಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿದ್ದೆ.

ಈ ಚಟ ಹತ್ತಿದ್ದು ನಾನು ಹುಟ್ಟಿ ಬೆಳೆದ ಆವರಗೆರೆಯಲ್ಲಿ. ನಮ್ಮ ಮನೆಯಲ್ಲಿ ಚಿತ್ರ ಅಂತ ಇದ್ದದ್ದು ಗೋಡೆಯ ಮೇಲಿನ ಕ್ಯಾಲೆಂಡರು ಒಂದೇ. ಒಮ್ಮೆ ಅಪ್ಪ ಪೇಟೆಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಹಾಳೆಯಲ್ಲಿ ಒಬ್ಬ ಹುಡುಗ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಿದ್ದ. ಬಾವಿಯೊಳಗೆ ಏನಿತ್ತೆಂಬುದು ಮುಂದಿನ ಹಾಳೆಯಲ್ಲಿ ಇದ್ದಿರಬೇಕು. ಆ ಹಾಳೆ ಇನ್ಯಾರದೋ ಮನೆಯ ಬೆಲ್ಲಕ್ಕೆ ಸುತ್ತಿಕೊಂಡು ಹೋಗಿತ್ತು. ಅಂಟಂಟಾದ ಆ ಒಂದು ಹಾಳೆಯನ್ನು ನಾನು ಎಷ್ಟು ದಿನ ಇಟ್ಟುಕೊಂಡಿದ್ದೆನೆಂದರೆ, ಕೊನೆಗೆ ಇರುವೆಗಳೇ ಅದನ್ನು ಮುಗಿಸಿದವು.

ಹುಡುಕುವುದಕ್ಕೂ ಒಂದು ಕ್ರಮವಿತ್ತು. ಶನಿವಾರದೊಳಗೆ ಮಂಡಕ್ಕಿ ಅಂಗಡಿಯವರು ಬಂದು ತಮಗೆ ಬೇಕಾದ ಕಾಗದ ಕೊಂಡೊಯ್ದು ಬಿಡುತ್ತಿದ್ದರು. ಅವರಿಗೆ ಅಗಲವಾದ ದಿನಪತ್ರಿಕೆಗಳೇ ಇಷ್ಟ, ಆದರೆ ಅದು ಸಿಗದಿದ್ದಾಗ ನನ್ನ ರಾಜಕುಮಾರರಿಗೂ ಮೆಣಸಿನಕಾಯಿ ಬಜ್ಜಿಯ ಯೋಗ ಬರುತ್ತಿತ್ತು. ಒಂದು ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚಿದರೆ ನನ್ನ ಹತ್ತಿರ ಇದ್ದ ಪುಸ್ತಕವೊಂದರಲ್ಲಿ ಕಾಣೆಯಾಗಿದ್ದ ಹಾಳೆಯೇ ಸಿಕ್ಕಿತು. ಮುಂದಿನ ಹಾಳೆಯೂ ಇರಬಹುದೆಂದು ಮೂರು ಪೊಟ್ಟಣ ತಿಂದೆ. ಹೊಟ್ಟೆ ಕೆಟ್ಟಿತು, ಹಾಳೆ ಸಿಗಲಿಲ್ಲ.

ತಿಂಗಳಿಗೊಮ್ಮೆ ಹರಿಹರಕ್ಕೂ ರೈಲಿನಲ್ಲಿ ಹೋಗುತ್ತಿದ್ದೆ. ಅಲ್ಲಿಯ ಕಾರ್ಖಾನೆಗೆ ಬೊಂಬಾಯಿ ಕಡೆಯಿಂದ ಬಂದ ಎಂಜಿನಿಯರುಗಳು ವರ್ಗವಾಗಿ ಹೋಗುವಾಗ ಮಕ್ಕಳ ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಹಾಗೇ ಬಿಟ್ಟು ಹೋಗುತ್ತಿದ್ದರು. ಅವು ಸಂತೆಯಲ್ಲಿ ತುಕ್ಕು ಹಿಡಿದ ಬೀಗ, ಒಡೆದ ಲಾಟೀನುಗಳ ಪಕ್ಕ ಗೋಣಿಚೀಲದ ಮೇಲೆ ಬಂದು ಬೀಳುತ್ತಿದ್ದವು. ನನ್ನ ಇಂಗ್ಲಿಷು ಹಾಜರಿ ಪುಸ್ತಕ ಬರೆಯುವಷ್ಟು ಮಾತ್ರ. ಚಿತ್ರಕ್ಕೆ ಅಷ್ಟು ಸಾಕಾಗುತ್ತಿತ್ತು.

ಆದರೆ ನನ್ನ ಖಾಯಂ ಅಂಗಡಿ ಎಂದರೆ ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿದ್ದ ಸಾಬರದು. ಅರವತ್ತು ದಾಟಿದವರು, ಬಿಳಿ ಗಡ್ಡ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ಮೊದಲ ಸಲ ಹೋದಾಗ ಗೋಣಿಯಿಂದ ನಾನು ಏಳೆಂಟು ಪುಸ್ತಕ ಆರಿಸಿದ್ದನ್ನು ನೋಡಿ ಕೇಳಿದರು:

“ಯಾರಿಗ್ರಿ ಸಾಹುಕಾರ್ರೇ ಇವೆಲ್ಲ? ಮಕ್ಕಳಿಗೇನು?”

ಪಕ್ಕದಲ್ಲಿ ಹಳೇ ಪೇಪರು ತೂಗಿಸಲು ಬಂದಿದ್ದ ಶಾಲೆಯ ಮಾಸ್ತರೊಬ್ಬರು ನನ್ನನ್ನೇ ನೋಡುತ್ತಿದ್ದರು. ನನಗೇ ಎಂದು ಹೇಳಲು ನಾಲಿಗೆ ಏಳಲಿಲ್ಲ.

“ಹೂಂ, ಮಗನಿಗೆ” ಎಂದೆ.

“ಎಷ್ಟನೇ ಕ್ಲಾಸು?”

“ಎರಡು.”

ನಮ್ಮ ಮದುವೆಯಾಗಿ ಆಗ ಐದು ವರ್ಷ. ಎರಡನೇ ಕ್ಲಾಸಿನ ಹುಡುಗನಿಗೆ ಏಳು ವರ್ಷವಾದರೂ ಆಗಿರಬೇಕು. ಇದು ಹೊಳೆದದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಸಾಬರಿಗೆ ನನ್ನ ಮದುವೆಯಾದ ವರ್ಷ ಗೊತ್ತಿರಲಿಲ್ಲ, ಸದ್ಯ ಬಚಾವಾದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನಮಗೆ ಮಕ್ಕಳೇ ಇರಲಿಲ್ಲ.

ಹೆಂಡತಿ ಈ ಪುಸ್ತಕಗಳ ಬಗ್ಗೆ ಒಂದೇ ಒಂದು ಸಲ ಮಾತಾಡಿದ್ದಳು. ಅವನ್ನು ಇಡಲೆಂದು ಹಳೆಯ ಕಬ್ಬಿಣದ ಟ್ರಂಕೊಂದನ್ನು ತಂದ ದಿನ, “ಇಷ್ಟೆಲ್ಲ ತರ್ತೀರಲ್ಲ, ಓದಾಕ ಯಾರದಾರೆ ಈ ಮನ್ಯಾಗ?” ಎಂದಳು. ಹೇಳಿದ ಮೇಲೆ ಅವಳಿಗೇ ಹೇಳಬಾರದಿತ್ತು ಅನ್ನಿಸಿರಬೇಕು, ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು. ಮಕ್ಕಳ ಮಾತು ನಮ್ಮಿಬ್ಬರ ನಡುವೆ ಬರುತ್ತಿರಲಿಲ್ಲ. ನೆಂಟರು ಬಂದಾಗ ಅವರೇ ಎಲ್ಲವನ್ನೂ ಆಡಿ ಮುಗಿಸುತ್ತಿದ್ದರು. ಇನ್ನು ನಾವು ಆಡುವುದೇನು ಉಳಿದಿರುತ್ತದೆ?

ಸಾಬರು ಮಾತ್ರ ಮರೆಯುವ ಪೈಕಿಯಲ್ಲ. ಹೋದಾಗಲೆಲ್ಲ “ನಮ್ಮ ಸಣ್ಣ ಸಾಹುಕಾರ್ರು ಹೆಂಗದಾರೆ?” ಎನ್ನುತ್ತಿದ್ದರು. ಅವನಿಗೆಂದೇ ಒಳ್ಳೆಯ ಪುಸ್ತಕ ತೆಗೆದಿಟ್ಟು, ಮುರಿದ ಪಿನ್ನು ಕಿತ್ತು ದಾರ ಹೊಲಿದು ಕೊಡುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ಫಲಿತಾಂಶ ಕೇಳುತ್ತಿದ್ದರು. ನಾನು ಅವನನ್ನು ಪಾಸು ಮಾಡಿಸುತ್ತ ಬಂದೆ. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಎಂದೂ ಸೇರಿಸಿದೆ, ಯಾಕೆಂದರೆ ನಾನು ಹಿಂದೆ ಇದ್ದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು ಅನ್ನುತ್ತಾರಲ್ಲ, ಹಾಗೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಆ ಹುಡುಗನ ಬಗ್ಗೆ ಹೇಳುವುದು ನನಗೆ ಹಿತವಾಗುತ್ತಿತ್ತು. ಸೈಕಲ್ ತುಳಿಯುತ್ತ ಅಂಗಡಿಗೆ ಹೋಗುವಾಗ, ಈ ವಾರ ಅವನು ಏನು ಮಾಡಿದ ಎಂದು ಯೋಚಿಸಿಕೊಂಡೇ ಹೋಗುತ್ತಿದ್ದೆ.

ಅವನ ನಾಲ್ಕನೇ ಕ್ಲಾಸಿನ ವರ್ಷ ನನಗೆ ಜ್ವರ ಬಂದು ಮೂರು ಭಾನುವಾರ ಹೋಗಲಾಗಲಿಲ್ಲ. ಆಮೇಲೆ ಹೋದಾಗ ಸಾಬರು ಯಾಕ ಬರಲಿಲ್ಲ ಎಂದರು. ನನಗೆ ಹುಷಾರಿರಲಿಲ್ಲ ಎಂದರೆ ಆಗುತ್ತಿತ್ತು. ರೂಢಿಯಾದ ಬಾಯಿ, “ಹುಡುಗನಿಗೆ ಜ್ವರ” ಎಂದುಬಿಟ್ಟಿತು. ಅವರ ಮುಖ ಸಣ್ಣದಾಯಿತು. ಮುಂದಿನ ವಾರ ನನಗಾಗಿ ಕಾದಿದ್ದು, ಜೇಬಿನಿಂದ ಒಂದು ತಾಯಿತ ತೆಗೆದರು. ಸಣ್ಣ ತಗಡಿನ ಕೊಳವೆ, ಅದಕ್ಕೊಂದು ಕಪ್ಪು ದಾರ, ಮಗುವಿನ ತೋಳಿಗೆ ಆಗುವಷ್ಟೇ ಉದ್ದ.

“ದರ್ಗಾದಾಗ ಓದಿಸ್ಕಂಡು ಬಂದೀನಿ. ಬಲ ರಟ್ಟಿಗೆ ಕಟ್ರಿ. ಬ್ಯಾಡ ಅನಬ್ಯಾಡ್ರಿ.”

ಬೇಡ ಎನ್ನಲಾಗಲಿಲ್ಲ. ಪ್ರಾರ್ಥನೆ ಮಾಡಿ ಕೊಟ್ಟದ್ದನ್ನು ಎಸೆಯಲೂ ಮನಸ್ಸು ಬರಲಿಲ್ಲ. ಟ್ರಂಕಿನ ತಳದಲ್ಲಿ, ಎರಡು ಪುಸ್ತಕಗಳ ನಡುವೆ ಇಟ್ಟೆ. ಹೆಂಡತಿ ಆ ಟ್ರಂಕು ಮುಟ್ಟುವುದಿಲ್ಲವೆಂದು ನನ್ನ ನಂಬಿಕೆ.

ಮರುವರ್ಷ ರಂಜಾನ್ ಹಬ್ಬದ ದಿನ ಮಧ್ಯಾಹ್ನ, ಕೆ.ಬಿ. ಬಡಾವಣೆಯ ನಮ್ಮ ಮನೆಯ ಮುಂದೆ ಜಟಕಾ ನಿಂತಿತು. ಇಳಿದವರು ಸಾಬರು. ಹೊಸ ಜುಬ್ಬಾ, ಅತ್ತರಿನ ವಾಸನೆ. ನಮ್ಮಂಥ ಮನೆಗಳಲ್ಲಿ ಅವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವುದಿಲ್ಲವೆಂದು ಹಬ್ಬಕ್ಕೆ ಒಣ ಸಾಮಾನು ಕೊಡುವ ರೂಢಿ ಊರಲ್ಲಿತ್ತು. ಹಾಗೆ ಅವರೂ ಶಾವಿಗೆ, ಸಕ್ಕರೆ, ಉತ್ತತ್ತಿ ಎಲ್ಲವನ್ನೂ ಹೊಸ ಟವಲಿನಲ್ಲಿ ಕಟ್ಟಿ ತಂದಿದ್ದರು. ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಪುಸ್ತಕಗಳ ಕಟ್ಟು. ಮನೆ ಎಲ್ಲೆಂದು ಎಂದೋ ನಾನೇ ಹೇಳಿದ್ದೆ.

ಹೆಂಡತಿ ಬಾಗಿಲಿಗೆ ಬಂದು, “ಬರ್ರಿ, ಕೂಡ್ರಿ” ಎಂದಳು. ಸಾಬರು ಕೂತು ಸುತ್ತ ನೋಡಿದರು.

“ಎಲ್ಲದಾರೆ ನಮ್ಮ ಸಣ್ಣ ಸಾಹುಕಾರ್ರು? ಐದನೇ ಕ್ಲಾಸಿಗೆ ಪಾಸಾದ್ರಂತಲ್ಲ. ಇವತ್ತು ಮುಖ ನೋಡೇ ಹೋಗಬೇಕು ಅಂತ ಬಂದೀನಿ.”

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಆ ಪುಸ್ತಕದ ಕಟ್ಟು ನೋಡಿದಳು. ಟೀ ಮಾಡಲು ಒಳಗೆ ಹೋದಳು. ನಾನು ಸಾಬರ ಮುಂದೆ ಕೂತು ಬಿಸಿಲಿನ ಬಗ್ಗೆ ಏನೇನೋ ಮಾತಾಡಿದೆ. ಟೀ ತಂದು ಅವರ ಕೈಗೆ ಕೊಡುತ್ತ ಅವಳು, “ಅಜ್ಜಿ ಊರಿಗೆ ಹೋಗ್ಯಾನ್ರಿ, ಕೊಂಡಜ್ಜಿಗೆ. ರಜಾ ಐತಲ್ರಿ, ಕೆರಿ ನೀರು ಬಿಟ್ಟು ಬರಾಂಗಿಲ್ಲ ಅಂತಾನೆ” ಎಂದಳು.

ಕೊಂಡಜ್ಜಿ ಅವಳ ತವರು. ಇಲ್ಲದ ಮಗನನ್ನು ಅವಳು ತನ್ನ ತವರಿಗೇ ಕಳಿಸಿದ್ದಳು.

“ಒಳ್ಳೇದಾತು ಬಿಡ್ರಿ” ಎಂದರು ಸಾಬರು. “ಹೋದ ವರ್ಷ ಜ್ವರ ಬಂದಾಗ ಭಾಳ ಹೆದರಿದ್ದೆ. ತಾಯಿತ ಕಟ್ಟಿದ್ರೇನ್ ತಂಗಿ?”

ಅವಳ ಮುಖ ಬದಲಾಯಿತು. ಆಮೇಲೆ “ಕಟ್ಟಿದ್ವಿ” ಎಂದಳು. ಅದು ನನ್ನ ಸುಳ್ಳಿಗೆ ಹಾಕಿದ ಇನ್ನೊಂದು ತೇಪೆ ಎಂದೇ ತಿಳಿದೆ.

ಜಟಕಾ ಹೋದ ಮೇಲೆ ಅವಳು ದೇವರ ಜಗಲಿಯಿಂದ ಆ ತಾಯಿತ ತಂದು ನನ್ನ ಮುಂದಿಟ್ಟಳು. ಕಪ್ಪು ದಾರಕ್ಕೆ ಬಿಳಿ ನೂಲು ಸೇರಿಸಿ ಉದ್ದ ಮಾಡಿತ್ತು.

“ಟ್ರಂಕ್ ಒರಸುವಾಗ ಸಿಕ್ತು. ನಮಗ ಮಕ್ಕಳಾಗ್ಲಿ ಅಂತ ನೀವು ದರ್ಗಾಕ್ಕೆ ಹೋಗಿ ತಂದೀರಿ, ನನಗ ಹೇಳಾಕ ಸಂಕೋಚ ಪಟ್ಟೀರಿ ಅಂತ ತಿಳ್ಕಂಡೆ. ನನ್ನ ರಟ್ಟಿಗೆ ದಾರ ಸಾಲಲಿಲ್ಲ. ನೂಲು ಕಟ್ಟಿ, ಕುಪ್ಪಸದ ತೋಳಿನ ಒಳಗ ಮೂರು ತಿಂಗಳು ಕಟ್ಕಂಡಿದ್ದೆ. ಆಮ್ಯಾಲೆ ಬಿಚ್ಚಿ ಜಗಲಿ ಮ್ಯಾಲೆ ಇಟ್ಟೆ.”

ನಾನು ಎಲ್ಲವನ್ನೂ ಹೇಳಿದೆ. ಶಾಲೆಯ ಮಾಸ್ತರು ಪಕ್ಕದಲ್ಲಿ ನಿಂತಿದ್ದರಿಂದ ಹಿಡಿದು, ಹುಡುಗ ಲೆಕ್ಕದಲ್ಲಿ ಹಿಂದೆ ಇದ್ದದ್ದರ ತನಕ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ. ನನ್ನ ಸುಳ್ಳಿನ ಗಂಟನ್ನು ಅವಳು ನನ್ನ ಪ್ರೀತಿಯೆಂದು ತಿಳಿದು ಮೂರು ತಿಂಗಳು ಮೈಮೇಲೆ ಹೊತ್ತಿದ್ದಳಲ್ಲ, ಅದಕ್ಕೆ.

ಅವಳು ಅಳಲಿಲ್ಲ. “ಐದನೇ ಕ್ಲಾಸಂತೆ” ಎಂದಳು. “ಮದುವಿಗಿಂತ ಮದ್ಲೇ ಹುಟ್ಟಿಸಿಬಿಟ್ಟೀರಲ್ಲ, ಅಷ್ಟೂ ತಿಳೀಲಿಲ್ಲೇನು?” ಆಮೇಲೆ ಶಾವಿಗೆಯ ಗಂಟು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದಲೇ ಹೇಳಿದಳು: “ಬರೋ ಭಾನುವಾರ ನಾನೂ ಬರ್ತೀನಿ. ಆ ಹಿರಿ ಮನುಷ್ಯಾಗ ಇನ್ನ ಸುಳ್ಳು ಹೇಳಾದು ಬ್ಯಾಡ.”

ಆ ಕಾಲದಲ್ಲಿ ಹೆಂಗಸರು ರದ್ದಿ ಅಂಗಡಿಗೆ ಹೋಗುತ್ತಿರಲಿಲ್ಲ. ಭಾನುವಾರ ನಾವಿಬ್ಬರೂ ಹೋಗಿ ನಿಂತಾಗ ಸಾಬರು ಗಡಿಬಿಡಿಯಿಂದ ಒಂದು ಸ್ಟೂಲು ಒರೆಸಿ ಇಟ್ಟರು. ಅವಳು ಕೂರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು:

“ನಮಗ ಮಕ್ಕಳಿಲ್ಲ ಅಜ್ಜಾರೆ. ಪುಸ್ತಕ ಓದೋರು ಇವ್ರೇ. ಹೇಳಾಕ ನಾಚಿಕಿ ಪಟ್ಟು ಸುಳ್ಳು ಹೇಳ್ಯಾರೆ. ಅವತ್ತು ನಾನೂ ಹೇಳೀನಿ.”

ಸಾಬರು ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿದರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನನ್ನ ಕಡೆ ನೋಡದೆ ಕೇಳಿದರು:

“ಜ್ವರ ಅಂದ್ರಲ್ಲ, ಅವಾಗ ಐದೂ ಹೊತ್ತು ನಮಾಜಿನಾಗ ಆ ಹುಡುಗನಿಗೆ ಅಂತ ದುವಾ ಮಾಡೀನಿ ಸಾಹುಕಾರ್ರೇ. ಅದು ಯಾರಿಗೆ ಮುಟ್ತು?”

ಹೆಂಡತಿ ಸೆರಗಿನ ಗಂಟು ಬಿಚ್ಚಿ ತಾಯಿತ ತೆಗೆದು ಅಂಗೈಯಲ್ಲಿ ಹಿಡಿದಳು. “ನಾನು ಕಟ್ಕಂಡಿದ್ದೆ” ಎಂದಳು.

ಅವರು ಕಪ್ಪು ದಾರಕ್ಕೆ ಗಂಟು ಹಾಕಿದ ಬಿಳಿ ನೂಲನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಬೆರಳುಗಳನ್ನು ಮಡಿಚುವಂತೆ ಕೈಸನ್ನೆ ಮಾಡಿ, “ಕೊಟ್ಟಿದ್ದು ವಾಪಸ್ ತಗಳಂಗಿಲ್ಲ ತಂಗಿ, ಇಟ್ಕಳಮ್ಮ” ಎಂದರು. ಆ ದಿನ ನಾನು ಪುಸ್ತಕ ಆರಿಸಲಿಲ್ಲ. ಅವರೂ ಆರಿಸಿರಿ ಎನ್ನಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ತಾಯಿತ ಮತ್ತೆ ಟ್ರಂಕಿನೊಳಗೆ ಹೋಯಿತು, ಈ ಸಲ ಇಟ್ಟವಳು ಅವಳೇ. ಅದನ್ನಿಡಲು ಟ್ರಂಕು ತೆರೆದವಳು, ಸಾಬರು ಹಬ್ಬದ ದಿನ ತಂದಿದ್ದ ಕಟ್ಟನ್ನು ಬಿಚ್ಚಿ ಒಂದು ಗಿಳಿ ಕಥೆಯ ಪುಸ್ತಕ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಬೆರಳಿಟ್ಟು ಓದುತ್ತ ಸಂಜೆಯ ದೀಪ ಹಚ್ಚುವುದನ್ನೂ ಮರೆತಳು. ಕೊನೆಗೆ ನೋಡಿದರೆ ಕಡೆಯ ಹಾಳೆಯೇ ಹರಿದುಹೋಗಿತ್ತು. “ಇಂಥ ಅರೆಬರೆ ಪುಸ್ತಕ ಯಾಕ ತರ್ತೀರಿ?” ಎಂದು, ತಂದವರು ಸಾಬರಾದರೂ, ನನಗೆ ಚೆನ್ನಾಗಿ ಬೈದಳು.

ಎರಡು ಭಾನುವಾರ ಮುಖ ತೋರಿಸಲು ಧೈರ್ಯ ಸಾಲಲಿಲ್ಲ. ಮೂರನೆಯ ವಾರ ಹೋದೆ. ಸಾಬರು ತಕ್ಕಡಿ ಬದಿಗಿಟ್ಟು ನನ್ನನ್ನು ನೋಡಿದರು. ಅಭ್ಯಾಸಬಲದಿಂದ ಅವರ ಬಾಯಿಗೆ ಬಂದದ್ದು “ನಮ್ಮ ಸಣ್ಣ...” ಅಷ್ಟಕ್ಕೇ ನಿಂತಿತು. ಕೆಮ್ಮಿ ಕೇಳಿದರು:

“ಹಬ್ಬದಾಗ ತಂದಿದ್ನಲ್ಲ ಪುಸ್ತಕ. ತಂಗಿ ಓದಿದ್ಲೇನ್ರಿ?”

“ಓದಿದ್ಲು ಸಾಬ್ರೇ” ಎಂದೆ. ಮನೆಯವರ ಬಗ್ಗೆ ಆ ಅಂಗಡಿಯಲ್ಲಿ ನಾನು ಹೇಳಿದ ಮೊದಲ ನಿಜ ಅದು. ಇನ್ನೊಂದು ನಿಜವನ್ನೂ ಸೇರಿಸಿದೆ: “ಗಿಳಿ ಕಥೇದು ಕೊನೇ ಹಾಳಿ ಇಲ್ಲ ಅಂತ ಬೈದ್ಲು.”

“ಇಲ್ಲಾ?” ಎಂದರು ಸಾಬರು. ಕನ್ನಡಕ ಏರಿಸಿ, ಹಿಂದಿದ್ದ ಗೋಣಿಯನ್ನು ಮುಂದಕ್ಕೆ ಎಳೆದುಕೊಂಡು ಅದರೊಳಗೆ ಕೈ ಹಾಕಿದರು. ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಇಬ್ಬರೂ ಮಧ್ಯಾಹ್ನದವರೆಗೆ ಆ ಹಾಳೆ ಹುಡುಕಿದೆವು.