ದನ ನೋಡಲು ಬಂದವರು

ಆ ಶುಕ್ರವಾರ ಇಂಗ್ಲಿಷ್ ಮಾಸ್ತರರು ಎರಡು ಶಬ್ದ ಕೊಟ್ಟಿದ್ದರು: ಔಟ್‌ವರ್ಡ್ಲಿ, ಆಕ್ಚುವಲಿ. ಹೊರಗೆ ಕಾಣುವುದಕ್ಕೆ ಮೊದಲನೆಯದು, ಒಳಗಿನ ನಿಜಕ್ಕೆ ಎರಡನೆಯದು. ಎರಡನ್ನೂ ಸೇರಿಸಿ, ಮನೆಯಲ್ಲಿ ಕಂಡದ್ದರ ಮೇಲೆಯೇ ಐದು ವಾಕ್ಯ ಬರೆದು ತರಬೇಕಿತ್ತು. ಪುತ್ತೂರಿನಿಂದ ಕಬಕಕ್ಕೆ ನಡೆದು ಬರುವಷ್ಟರಲ್ಲಿ ನನಗೆ ನಾಲ್ಕು ಸಿಕ್ಕಿದ್ದವು. ಒಂದು ಬೆಕ್ಕಿನದು: ಹೊರಗೆ ನಿದ್ದೆ, ಒಳಗೆ ಮೀನಿನ ಬುಟ್ಟಿಯ ಧ್ಯಾನ. ಐದನೆಯದು ಮರುದಿನ ಬಸ್ಸಿಳಿದು ಮನೆಗೇ ಬಂತು.

ನನ್ನ ಡೈರಿಯಲ್ಲಿ ಹೀಗಿದೆ: ಶನಿವಾರ, ಮಧ್ಯಾಹ್ನ 2.20. ಸಂಪಾಜೆಯಿಂದ ಇಬ್ಬರು. ಒಬ್ಬ ಹುಡುಗ, ಅವನ ಸೋದರಮಾವ. ದನ ನೋಡಲು.

ದನ ನೋಡಲು ಬರುವುದೆಂದರೆ ಹುಡುಗಿ ನೋಡಲು ಬರುವುದು. ಒಪ್ಪಿಗೆಯಾಗದಿದ್ದರೆ ದನ ಸರಿಹೋಗಲಿಲ್ಲ ಎಂದರಾಯಿತು, ಯಾರ ಮುಖವೂ ಸಣ್ಣದಾಗುವುದಿಲ್ಲ. ಅಕ್ಕ ಆ ಹುಡುಗನನ್ನು ಒಂದು ಮದುವೆಯಲ್ಲಿ ಕಂಡು ಮೆಚ್ಚಿದ್ದಳು. ಬೆಳಗ್ಗಿನಿಂದ ಮೂರು ಸಲ ಸೀರೆ ಬದಲಿಸಿದ್ದಳು.

ಆದರೆ ಅಜ್ಜ ಅವರನ್ನು ಚಾವಡಿ ಹತ್ತಲೂ ಬಿಡದೆ ಸೀದಾ ದನದ ಹಟ್ಟಿಗೆ ಕರೆದೊಯ್ದರು. ನಾಲ್ಕು ಗಂಟೆಗೆ ಅವರ ಬಸ್ಸು. ಕಾಫಿ ಎರಡು ಸಲ ಬಿಸಿಯಾಯಿತು.

"ಅಜ್ಜನಿಗೆ ಯಾರೂ ಹೇಳ್ಲಿಲ್ವಾ?" ಅಕ್ಕನ ಕಣ್ಣು ತುಂಬಿತ್ತು. "ಹೀಗೇ ಹೋದ್ರೆ ಅವರು ಇನ್ನು ಬರುದಿಲ್ಲ."

"ಹೇಳಿದ್ದೆ ಮಾರಾಯ್ತಿ," ಎಂದಳು ಅಮ್ಮ. "ಕೇಳಿಸ್ಲಿಲ್ಲವೋ ಎಂತದೋ."

ನಾನು ಹಟ್ಟಿಗೆ ಓಡಿದೆ. ಅಜ್ಜ ದನದ ಕೊಂಬು ಹಿಡಿದು ಹುಡುಗನನ್ನು ಕೇಳುತ್ತಿದ್ದರು: "ಈ ಗೆರೆ ನೋಡಿ ಹೇಳು, ಎಷ್ಟು ಕರು ಹಾಕಿರಬಹುದು?"

"ಮೂರು," ಎಂದರು ಸೋದರಮಾವ.

"ನಿಮ್ಮನ್ನು ಕೇಳಿದ್ದಲ್ಲ."

ಹುಡುಗ ಕೊಂಬನ್ನು ನೋಡಿದ, ಅಜ್ಜನನ್ನು ನೋಡಿದ. "ನನಗೆ ದನದ ವಿಷಯ ಎಂತದೂ ಗೊತ್ತಿಲ್ಲ ಅಜ್ಜ. ನಾನು ಬಂದದ್ದು ನಿಮ್ಮ ಮೊಮ್ಮಗಳನ್ನು ನೋಡ್ಲಿಕ್ಕೆ."

ಸೋದರಮಾವ ಅವನ ತೋಳು ಚಿವುಟಿದರು. ಅಜ್ಜ ಗಹಗಹಿಸಿ ನಕ್ಕರು.

"ಅದನ್ನು ಹೇಳ್ಲಿಕ್ಕೆ ಇಷ್ಟು ಹೊತ್ತು ಬೇಕಾ ಮಾರಾಯ? ಬಾ, ಕಾಫಿ ಕುಡಿಯುವ. ದನ ಮಾತ್ರ ಕೊಡುದಿಲ್ಲ, ಮೊದಲೇ ಹೇಳ್ತೇನೆ."

ಗಂಟೆ 3.10. ಐವತ್ತು ನಿಮಿಷವಾಗಿತ್ತು. ಹಿಂದೆ ಉಳಿದ ಅಜ್ಜನನ್ನು ಮೆಲ್ಲಗೆ ಕೇಳಿದೆ: "ಅಮ್ಮ ಹೇಳಿದ್ದು ನಿಮಗೆ ಕೇಳಿಸಿತ್ತಾ?"

"ನನ್ನ ಕಿವಿಗೆ ಎಂತ ಆಗಿದೆ? ಸುಳ್ಳು ಎಷ್ಟು ಹೊತ್ತು ಎಳೀತಾನೆ ನೋಡುವ ಅಂತ."

ಅಕ್ಕ ಕಾಫಿ ತಂದಳು. ಅವನು ಅವಳನ್ನು ನೋಡಿದ್ದು ಏಳು ಸಲ, ಅವಳು ಅವನನ್ನು ಎಂಟು. ಸೋದರಮಾವ ಜಾತಕದ ಮಾತೆತ್ತಿದರು. ನಾಲ್ಕರ ಬಸ್ಸು ತಪ್ಪಿತು. ಯಾರಿಗೂ ಬೇಸರವಾಗಲಿಲ್ಲ.

ಸೋಮವಾರ ನಾನು ಒಪ್ಪಿಸಿದ ಐದನೆಯ ವಾಕ್ಯ ಅಜ್ಜನ ಕಿವಿಯ ಬಗ್ಗೆ ಇತ್ತು.